ಮುಲ್ಲಾನ ಮುಖಪುಟ, ಸಂಗ್ರಾಹಕನ ಕತ್ತರಿ

ಕೆಲವು ಗಂಡಸರು ಮಲಗಿ ನಿದ್ರಿಸುತ್ತಿದ್ದಾರೆ. ಅವರ ಬಳಿ ಮುಲ್ಲಾ ನಸ್ರುದ್ದೀನ್ ನಿಂತಿದ್ದಾನೆ, ಎಬ್ಬಿಸಲು ಬಂದವನಂತೆ. ಹಳೆಯ ರಶ್ಯನ್ ಪಂಚಾಂಗದ ಪ್ರಕಾರ 1906ರ ಎಪ್ರಿಲ್ 7ರಂದು ತಿಫ್ಲಿಸ್ ನಗರದಲ್ಲಿ, ಅಂದರೆ ಇಂದಿನ ಜಾರ್ಜಿಯಾದ ರಾಜಧಾನಿ ತ್ಬಿಲಿಸಿಯಲ್ಲಿ, ಹೊರಬಂದ ಒಂದು ವಾರಪತ್ರಿಕೆಯ ಮೊದಲ ಸಂಚಿಕೆಯ ಮುಖಪುಟ ಇದು. ಪತ್ರಿಕೆಯ ಹೆಸರು ಕೂಡ 'ಮುಲ್ಲಾ ನಸ್ರುದ್ದೀನ್'. ಕತ್ತೆಯ ಮೇಲೆ ಹಿಂದುಮುಂದಾಗಿ ಕೂತು ಊರು ಸುತ್ತುವ ಆ ಜಾಣ ಪೆದ್ದನನ್ನು ಕನ್ನಡದ ಮಕ್ಕಳೂ ಬಲ್ಲರು. ಆದರೆ ಅವನ ಹೆಸರಿನಲ್ಲಿ ಇಪ್ಪತ್ತೈದು ವರ್ಷಗಳ ಕಾಲ ಒಂದು ವ್ಯಂಗ್ಯಪತ್ರಿಕೆ ನಡೆಯಿತೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಮುಸ್ಲಿಮ್ ಸಂಪಾದಕರು ನಡೆಸಿ, ಮುಸ್ಲಿಮರೇ ಓದಿ, ಮುಸ್ಲಿಮರನ್ನೇ ನಗಿಸಿ, ಸಿಟ್ಟಿಗೆಬ್ಬಿಸಿದ ಪತ್ರಿಕೆ ಅದು. ತಿಳಿದ ಕೆಲವರಿಗೂ ತಿಳಿದಿರುವುದು ಅದರ ಮುಖಪುಟಗಳ ಮೂಲಕ ಮಾತ್ರ. ನಮ್ಮ ತಕರಾರು ಇರುವುದೇ ಇಲ್ಲಿ.

ಹಳೆಯ ಪತ್ರಿಕೆಗಳ ಮುಖಪುಟ, ಒಳಚಿತ್ರ, ಜಾಹೀರಾತು, ಕ್ಯಾಲೆಂಡರು, ಬೆಂಕಿಪೊಟ್ಟಣದ ಲೇಬಲ್ಲು ಮುಂತಾದವುಗಳನ್ನು ಕೂಡಿಡುವ ಹವ್ಯಾಸ ಈಗ ದೊಡ್ಡ ವ್ಯಾಪಾರವೂ ಆಗಿದೆ. ಒಂದು ದಿನದ ಬಳಕೆಗೆಂದೇ ಹುಟ್ಟಿ ಮರುದಿನ ರದ್ದಿಗೆ ಹೋಗಬೇಕಾದ ಕಾಗದವನ್ನು ಯಾರೋ ಒಬ್ಬರು ಎತ್ತಿಟ್ಟುಕೊಂಡದ್ದರಿಂದ ಅದೆಷ್ಟೋ ಕಲಾವಿದರ ಹೆಸರು ಉಳಿದಿದೆ. ಅಂಥವರಿಗೆ ನಾವೆಲ್ಲ ಋಣಿಗಳು. ಆದರೆ ಕೂಡಿಡುವ ಕೈಯಲ್ಲೇ ಕತ್ತರಿಯೂ ಇರುತ್ತದೆ. ಇಡೀ ವರ್ಷದ ಬೈಂಡನ್ನು ಕೊಂಡು, ಮುಖಪುಟಗಳನ್ನು ಮಾತ್ರ ಕತ್ತರಿಸಿ, ಒಂದೊಂದಕ್ಕೂ ಕಟ್ಟು ಹಾಕಿಸಿ ಮಾರುವವರಿದ್ದಾರೆ. ಉಳಿದ ಪುಟಗಳು ತೂಕಕ್ಕೆ ಹೋಗುತ್ತವೆ. ಕಲೆಯ ದೃಷ್ಟಿಯಿಂದ ಇದು ಎಷ್ಟು ಸರಿ? 'ಮುಲ್ಲಾ ನಸ್ರುದ್ದೀನ್' ಪತ್ರಿಕೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆ ಕೇಳಿದರೆ ಉತ್ತರ ಸ್ವಲ್ಪ ಮುಜುಗರ ತರುತ್ತದೆ.

ಮೊದಲು ಪತ್ರಿಕೆಯ ಬಗ್ಗೆ ಎರಡು ಮಾತು. ಅದರ ಸಂಪಾದಕ ಜಲೀಲ್ ಮಮ್ಮದ್‌ಕುಲಿಝಾದೆ ನಖಿಚೆವಾನ್‌ನವರು. ಗೋರಿಯ ಶಿಕ್ಷಕರ ತರಬೇತಿ ಶಾಲೆಯಲ್ಲಿ ಕಲಿತು, ಹಳ್ಳಿಗಳಲ್ಲಿ ಮೇಷ್ಟರಾಗಿದ್ದವರು. ಹಳ್ಳಿಯನ್ನು ಒಳಗಿನಿಂದ ಬಲ್ಲವರು ಎಂಬುದು ಅವರ ಕತೆಗಳಲ್ಲೂ ಕಾಣುತ್ತದೆ. 1909ರ ಅವರ 'ಸತ್ತವರು' ಎಂಬ ನಾಟಕದಲ್ಲಿ ಸತ್ತವರನ್ನು ಬದುಕಿಸುತ್ತೇನೆಂದು ಒಬ್ಬ ಕಪಟಿ ಶೇಖ್ ಊರಿಗೆ ಬರುತ್ತಾನೆ. ಊರವರು ಮೊದಲು ಹಿಗ್ಗುತ್ತಾರೆ. ಸತ್ತವರು ನಿಜಕ್ಕೂ ಎದ್ದುಬಂದರೆ ತಾವು ಅವರಿಗೆ ಮಾಡಿದ್ದೆಲ್ಲ ಹೊರಬೀಳುತ್ತದಲ್ಲ ಎಂದು ಆಮೇಲೆ ಬೆವರುತ್ತಾರೆ. ಕಪಟಿಯನ್ನು ನೋಡಿ ನಗಲು ಕೂತ ಪ್ರೇಕ್ಷಕ ಕೊನೆಗೆ ತನ್ನನ್ನೇ ನೋಡಿಕೊಳ್ಳಬೇಕಾಗುತ್ತದೆ. ಪತ್ರಿಕೆಯ ಒಳ್ಳೆಯ ದಿನಗಳ ನಗುವೂ ಇದೇ ಜಾತಿಯದು.

1905ರ ಕ್ರಾಂತಿಯ ಬಿಸಿಗೆ ತ್ಸಾರ್ ದೊರೆ ಅಕ್ಟೋಬರಿನಲ್ಲಿ ಒಂದಿಷ್ಟು ನಾಗರಿಕ ಸ್ವಾತಂತ್ರ್ಯ ಘೋಷಿಸಬೇಕಾಯಿತು. ಆ ಸಡಿಲಿಕೆಯಲ್ಲೇ ಮಮ್ಮದ್‌ಕುಲಿಝಾದೆ ಮತ್ತು ಅವರ ಗೆಳೆಯ ಒಮರ್ ಫಾಯಿಕ್ ನೆಮಾನ್‌ಝಾದೆ ಸೇರಿ ಪತ್ರಿಕೆ ಶುರುಮಾಡಿದರು. ಎಂಟು ಪುಟ, ಬಣ್ಣದ ಚಿತ್ರಗಳು, ಬೀದಿಯಲ್ಲಿ ಜನ ಆಡುವ ಅಝರಿ ಮಾತು, ಅರಬಿ ಲಿಪಿ. ಮಿರ್ಝಾ ಅಲಕ್ಬರ್ ಸಾಬಿರ್ ಎಂಬ ಶಮಾಖಿಯ ಬಡ ಕವಿ ಗುಪ್ತನಾಮಗಳಲ್ಲಿ ಅದಕ್ಕೆ ವಿಡಂಬನೆಯ ಪದ್ಯ ಬರೆದರು. ಅವರು ಹೊಟ್ಟೆಪಾಡಿಗೆ ಸಾಬೂನು ಕಾಯಿಸಿದವರು. ಸಂಪಾದಕರು 1907ರಲ್ಲಿ ಮದುವೆಯಾದ ಹಮೀದಾ ಜವಾನ್‌ಶೀರ್ ಪತ್ರಿಕೆಯ ಬೆನ್ನಿಗೆ ನಿಂತರು. ಮರುವರ್ಷ ತಮ್ಮ ಹಳ್ಳಿಯಲ್ಲಿ ಹುಡುಗ ಹುಡುಗಿಯರು ಒಟ್ಟಿಗೆ ಕಲಿಯುವ ಶಾಲೆ ತೆರೆದರು. ನಿಂತು ನಿಂತು ನಡೆದ ಪತ್ರಿಕೆ 1917ರವರೆಗೆ ತಿಫ್ಲಿಸ್‌ನಲ್ಲಿ, 1921ರಲ್ಲಿ ಇರಾನಿನ ತಬ್ರೀಝ್‌ನಲ್ಲಿ, 1922ರಿಂದ 1931ರವರೆಗೆ ಬಾಕುವಿನಲ್ಲಿ ಪ್ರಕಟವಾಯಿತು. ಒಟ್ಟು 748 ಸಂಚಿಕೆಗಳು. ಅದರಲ್ಲಿ ತಬ್ರೀಝ್‌ನ ಪಾಲು ಬರೀ ಎಂಟು.

ಇನ್ನು ಚಿತ್ರ ಬರೆದವರು. ಮೊದಲ ಮುಖಪುಟವನ್ನು ಬರೆದ ಓಸ್ಕರ್ ಶ್ಮೆರ್ಲಿಂಗ್ ತಿಫ್ಲಿಸ್‌ನಲ್ಲೇ ಹುಟ್ಟಿದ ಜರ್ಮನ್ ಮೂಲದ ಕಲಾವಿದ. ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಮ್ಯೂನಿಕ್‌ಗಳಲ್ಲಿ ಕಲಿತು ಬಂದು, ತಿಫ್ಲಿಸ್‌ನ ಚಿತ್ರಕಲಾ ಶಾಲೆಯನ್ನು ನಡೆಸುತ್ತಿದ್ದರು. ಎರಡನೆಯವರು ಯೋಸೆಫ್ ರೋಟರ್, ಅವರೂ ಜರ್ಮನ್. ಮೂರನೆಯವರು ಅಝೀಮ್ ಅಝೀಮ್‌ಝಾದೆ. ಬಾಕು ಬಳಿಯ ನೊವ್‌ಖಾನಿ ಹಳ್ಳಿಯಲ್ಲಿ ಹುಟ್ಟಿದ ಇವರಿಗೆ ಗುರುಗಳೇ ಇರಲಿಲ್ಲ, ಸ್ವಂತ ಕಲಿತವರು. ಮೌಲವಿಯ ಮುಂಡಾಸು, ಹಾಜಿಯ ಹೊಟ್ಟೆ, ಎಳೆಯ ಹುಡುಗಿಯನ್ನು ಮದುವೆಯಾಗುವ ಮುದುಕ ಇವನ್ನೆಲ್ಲ ಮುಸ್ಲಿಮ್ ಓದುಗರ ಮುಂದಿಟ್ಟ ರೇಖೆಗಳಲ್ಲಿ ಬಹುಪಾಲು ಇಬ್ಬರು ಕ್ರೈಸ್ತರದ್ದು. ವಿಷಯ ಸಂಪಾದಕರದ್ದು, ರೇಖೆ ಕಲಾವಿದರದ್ದು. ಇಂದಾಗಿದ್ದರೆ ಈ ಒಂದು ಸಂಗತಿಯೇ ಪತ್ರಿಕೆಯನ್ನು ಮುಚ್ಚಿಸಲು ಸಾಕಾಗುತ್ತಿತ್ತು ಎಂದು ಯಾರಿಗಾದರೂ ಅನಿಸಬಹುದು. ಅಂದು ಕೂಡ ಧರ್ಮಪಂಡಿತರ ಖಂಡನೆ, ಬೆದರಿಕೆ, ಸರಕಾರದ ಸೆನ್ಸಾರ್ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಓದುಗರು ಆ ನಗುವನ್ನು ತಮ್ಮದೇ ಎಂದುಕೊಂಡರು. ಯಾಕೆಂದರೆ ಗೆರೆ ಎಳೆದ ಕೈ ಯಾರದ್ದೇ ಇರಲಿ, ಅದರ ಹಿಂದೆ ಮಾತಾಡುತ್ತಿದ್ದ ದನಿ ಅವರ ಮನೆಯದ್ದೇ ಆಗಿತ್ತು. ಒಳಪುಟದಲ್ಲಿ ಅದೇ ದನಿ ಅವರ ಪತ್ರಗಳಿಗೆ ಉತ್ತರ ಕೊಡುತ್ತಿತ್ತು, ಅವರ ಊರಿನ ಸುದ್ದಿ ಹೇಳುತ್ತಿತ್ತು, ಅವರ ಆಡುಮಾತಿನಲ್ಲೇ ಛೇಡಿಸುತ್ತಿತ್ತು.

ಚಿತ್ರಗಳಲ್ಲಿ ನಮಗೆ ಬಹಳ ಹಿಡಿಸಿದ್ದು ಮುಲ್ಲಾ ನಿಲ್ಲುವ ಜಾಗ. ಎಷ್ಟೋ ಚಿತ್ರಗಳಲ್ಲಿ ಆತ ಒಂದು ಮೂಲೆಯಲ್ಲಿ ಸುಮ್ಮನೆ ನೋಡುತ್ತಾ ನಿಂತಿರುತ್ತಾನೆ. ಜಗಳ ಬಿಡಿಸುವುದಿಲ್ಲ, ಉಪದೇಶ ಮಾಡುವುದಿಲ್ಲ. ನಡೆಯುತ್ತಿರುವುದಕ್ಕೆಲ್ಲ ಅವನೊಬ್ಬ ಸಾಕ್ಷಿ. ಭಾರತದ ಓದುಗರಿಗೆ ತಕ್ಷಣ ನೆನಪಾಗುವುದು ಆರ್.ಕೆ. ಲಕ್ಷ್ಮಣ್ ಅವರ ಚೌಕುಳಿ ಅಂಗಿಯ ಶ್ರೀಸಾಮಾನ್ಯ. ಆ ಲಕ್ಷ್ಮಣ್ ಅವರೂ ಆರಂಭದ ದಿನಗಳಲ್ಲಿ ಚಿತ್ರ ಬರೆದದ್ದು ರಾಶಿಯವರ 'ಕೊರವಂಜಿ'ಗೆ. 1942ರಿಂದ 1967ರವರೆಗೆ ನಡೆದ ಆ ಕನ್ನಡ ಹಾಸ್ಯಪತ್ರಿಕೆಗೂ ಕಣಿ ಹೇಳುವ ಒಬ್ಬ ಜನಪದ ಹೆಂಗಸಿನದ್ದೇ ಹೆಸರು. ಇವೆರಡಕ್ಕೂ ಸಂಬಂಧವಿತ್ತೆಂದು ನಾವು ಹೇಳುತ್ತಿಲ್ಲ. ಕಾಕಸಸ್ ಬೆಟ್ಟಗಳ ಕೆಳಗಿನ ಮೇಷ್ಟರಿಗೂ ಬೆಂಗಳೂರಿನ ಡಾಕ್ಟರಿಗೂ, ದೊಡ್ಡವರ ಬಗ್ಗೆ ಮಾತಾಡಬೇಕಾದರೆ ಊರೂರು ತಿರುಗುವ ಒಂದು ಬಾಯಿ ಬೇಕು ಎಂದು ಹೊಳೆದದ್ದು ಮಾತ್ರ ನಿಜ. ನಮ್ಮ ಲಖನೌದಲ್ಲಿ 1877ರಷ್ಟು ಹಿಂದೆಯೇ ಮುನ್ಶಿ ಸಜ್ಜಾದ್ ಹುಸೇನ್ 'ಅವಧ್ ಪಂಚ್' ಶುರುಮಾಡಿದ್ದರು. ಮುಸ್ಲಿಮರಿಗೆ ನಗಲು ಬಾರದು ಎನ್ನುವವರು ಒಮ್ಮೆ ಆ ಹಳೆಯ ಉರ್ದು ಪುಟಗಳನ್ನೂ ತಿರುವಿ ನೋಡಬೇಕು.

ಈಗ ಸಂಗ್ರಾಹಕರ ಕಡೆಗೆ ಬರೋಣ. ಮುಖಪುಟಗಳ ಮಾರುಕಟ್ಟೆಯಲ್ಲಿ ದೊಡ್ಡ ಬೆಲೆ ಇರುವುದು ಮೂಲಚಿತ್ರಕ್ಕೆ. ಅಮೆರಿಕದ 'ಸ್ಯಾಟರ್‌ಡೇ ಈವ್‌ನಿಂಗ್ ಪೋಸ್ಟ್' ಪತ್ರಿಕೆಗೆ 1916ರಿಂದ 1963ರವರೆಗೆ 300ಕ್ಕೂ ಹೆಚ್ಚು ಮುಖಪುಟ ಬರೆದ ನಾರ್ಮನ್ ರಾಕ್‌ವೆಲ್ ಅವರನ್ನೇ ನೋಡಿ. ಹೋಟೆಲೊಂದರ ಗದ್ದಲದ ನಡುವೆ ಊಟಕ್ಕೆ ಮುಂಚೆ ತಲೆ ತಗ್ಗಿಸಿ ಪ್ರಾರ್ಥಿಸುವ ಒಬ್ಬ ಮುದುಕಿ ಮತ್ತು ಒಬ್ಬ ಹುಡುಗನನ್ನು ಅವರು 1951ರಲ್ಲಿ ಬರೆದರು. ಆ ತೈಲಚಿತ್ರ 2013ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 4 ಕೋಟಿ 60 ಲಕ್ಷ ಡಾಲರಿಗೆ ಹೋಯಿತು. ಅದೇ ಚಿತ್ರವಿರುವ ಪತ್ರಿಕೆಯ ಪ್ರತಿ, ಲಕ್ಷಾಂತರ ಮನೆಗಳಿಗೆ ಹೋದದ್ದು, ಒಂದು ಹೊತ್ತಿನ ಊಟದ ಬೆಲೆಗೆ ಸಿಕ್ಕೀತು. ಜನ ನೋಡಿದ್ದು ಪ್ರತಿಯನ್ನು, ದುಡ್ಡು ಸುರಿದದ್ದು ಮೂಲಕ್ಕೆ!

ಕಲ್ಲಚ್ಚಿನ ಲೋಕದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಮೂಡಿಸುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ ಜಿಡ್ಡಿರುವ ಕಡೆ ಮಾತ್ರ ಶಾಯಿ ಹಿಡಿಯುತ್ತದೆ; ಬಣ್ಣ ಬೇಕೆಂದರೆ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಅಚ್ಚು ಮುಗಿದ ಮೇಲೆ ಆ ಕಲ್ಲನ್ನು ಉಜ್ಜಿ ಚಿತ್ರವನ್ನು ಅಳಿಸಿ ಮುಂದಿನ ಕೆಲಸಕ್ಕೆ ಎತ್ತಿಕೊಳ್ಳುವುದು ಮುದ್ರಣಾಲಯಗಳ ರೂಢಿ. ಅಂದರೆ ಕಲ್ಲಿನ ಮೇಲಿನ ಮೂಲ ಉಳಿಯುವುದೇ ಇಲ್ಲ. ಅಚ್ಚಾದ ಹಾಳೆಯೇ ಕೃತಿ. ತಿಫ್ಲಿಸ್‌ನ ಚಾಯ್ ಅಂಗಡಿಯಲ್ಲಿ ಕೈಯಿಂದ ಕೈಗೆ ಹೋಗಿ, ಅಕ್ಷರ ಬಾರದವನಿಗೂ ಚಿತ್ರ ತೋರಿಸಿ, ಎಣ್ಣೆ ಕಲೆ ಹಿಡಿಸಿಕೊಂಡ ಆ ಹಾಳೆಗಿಂತ ಹೆಚ್ಚು ಅಸಲಿಯಾದದ್ದು ಎಲ್ಲೂ ಇಲ್ಲ. ಹಾಗಾಗಿ ಇಂಥ ಪತ್ರಿಕೆಯ ಒಂದು ಪ್ರತಿಯನ್ನು ಕತ್ತರಿಸುವವನು ನಕಲನ್ನಲ್ಲ, ಕೃತಿಯನ್ನೇ ಕತ್ತರಿಸುತ್ತಾನೆ. ಮುಖಪುಟವನ್ನು ಗೋಡೆಗೆ ಹಾಕಿ ಏಳು ಪುಟಗಳನ್ನು ಎಸೆಯುವುದೆಂದರೆ ಗಜಲಿನ ಮತ್ಲಾ ಇಟ್ಟುಕೊಂಡು ಉಳಿದ ಶೇರ್‌ಗಳನ್ನು ಒಲೆಗೆ ಹಾಕಿದ ಹಾಗೆ.

ಈ ಪತ್ರಿಕೆಯನ್ನು ಜಗತ್ತಿಗೆ ಮತ್ತೆ ಪರಿಚಯಿಸಿದ್ದು 'ಸ್ಲಾವ್ಸ್ ಆ್ಯಂಡ್ ಟಾಟರ್ಸ್' ಎಂಬ ಕಲಾವಿದರ ಗುಂಪು. ಬಾಕುವಿನ ಹಳೆಯ ಕೋಟೆಯ ಕನ್ಯಾಗೋಪುರದ ಬಳಿಯ ಹಳೆಪುಸ್ತಕದಂಗಡಿಯೊಂದರಲ್ಲಿ ಅವರಿಗೆ ಇದು ಕಣ್ಣಿಗೆ ಬಿತ್ತಂತೆ. ಆಯ್ದ ಚಿತ್ರಗಳನ್ನು ಇಂಗ್ಲಿಷ್ ಅನುವಾದದ ಜೊತೆ 2011ರಲ್ಲಿ ಅವರು ಪುಸ್ತಕ ಮಾಡಿದರು. ಒಳ್ಳೆಯ ಮುದ್ರಣ, ಶ್ರದ್ಧೆಯ ಕೆಲಸ. ಪತ್ರಿಕೆಯ ನಿಲುವುಗಳನ್ನೆಲ್ಲ ತಾವು ಒಪ್ಪುವುದಿಲ್ಲವೆಂದು ಹೇಳುವ ಪ್ರಾಮಾಣಿಕತೆಯೂ ಅದರಲ್ಲಿದೆ. ಇಷ್ಟೆಲ್ಲ ಮೆಚ್ಚಿಕೊಂಡ ಮೇಲೂ ನಮಗೊಂದು ಕೊರತೆ ಕಂಡಿತು. ಚಿತ್ರಗಳನ್ನು ಹೆಣ್ಣು, ವರ್ಗ, ಶಿಕ್ಷಣ, ವಸಾಹತುಶಾಹಿ, ಇಸ್ಲಾಮ್, ಭಾಷೆ ಎಂದು ವಿಷಯವಾರು ಜೋಡಿಸಿರುವುದರಿಂದ 1907ರ ಚಿತ್ರ ಮತ್ತು 1929ರ ಚಿತ್ರ ಅಕ್ಕಪಕ್ಕ ಬಂದು ಕೂರುತ್ತವೆ. ಎರಡರಲ್ಲೂ ಒಬ್ಬ ದಪ್ಪ ಮೌಲವಿ, ಒಬ್ಬ ಮುಸುಕಿನ ಹೆಂಗಸು. ನೋಡುವವನಿಗೆ ಎರಡೂ ಒಂದೇ. ಆದರೆ ಒಂದೇ ಅಲ್ಲ.

1907ರಲ್ಲಿ ಮೌಲವಿಯನ್ನು ಗೇಲಿ ಮಾಡಿದ ಸಂಪಾದಕ ಸಂಜೆ ಮನೆ ತಲಪುವುದು ಗ್ಯಾರಂಟಿಯಿರಲಿಲ್ಲ. ಆ ಮೌಲವಿಯ ಹಿಂದೆ ಊರಿನ ಶ್ರೀಮಂತರಿದ್ದರು, ಜನರ ಭಯವಿತ್ತು, ಮುಸ್ಲಿಮರು ನಿದ್ರೆಯಲ್ಲಿರುವುದೇ ಒಳ್ಳೆಯದೆಂದು ಬಗೆದ ತ್ಸಾರ್ ಆಡಳಿತವಿತ್ತು. ಅದೇ ಪತ್ರಿಕೆ ಅದೇ ಕಾಲದಲ್ಲಿ ಬ್ರಿಟನ್ ಮತ್ತು ರಶ್ಯಾಗಳನ್ನೂ ಬಿಡಲಿಲ್ಲ. 1907ರಲ್ಲಿ ಇವೆರಡೂ ಇರಾನನ್ನು ತಮ್ಮ ತಮ್ಮ ಪ್ರಭಾವದ ವಲಯಗಳಾಗಿ ಹಂಚಿಕೊಂಡಾಗ ಅದು ಇರಾನಿನ ಸಂವಿಧಾನವಾದಿಗಳ ಪರ ನಿಂತಿತು. ಕೋಟು ಹಾಕಿ ಸ್ವಂತದವರನ್ನೇ ಮೂಗು ಮುರಿದು ನೋಡುವ ಹೊಸ ವಿದ್ಯಾವಂತನೂ ಅದರ ಏಟು ತಿಂದ. ಎಣ್ಣೆಬಾವಿಯ ಒಡೆಯರೂ ತಿಂದರು. ಮೌಲವಿಗೆ ಬಿದ್ದ ಪೆಟ್ಟು ಹಲವು ಪೆಟ್ಟುಗಳಲ್ಲಿ ಒಂದಾಗಿತ್ತು.

ಇನ್ನು 1929. ಬಾಕುವಿನಲ್ಲಿ ಸೋವಿಯತ್ ಆಡಳಿತ. ಮಸೀದಿಗಳಿಗೆ ಬೀಗ ಬೀಳುತ್ತಿತ್ತು, ಮೌಲವಿಗಳು ಬಂಧನಕ್ಕೊಳಗಾಗುತ್ತಿದ್ದರು. ಆಗ ಅದೇ ದಪ್ಪ ಹೊಟ್ಟೆಯ ಮೌಲವಿಯನ್ನು ಬರೆಯಲು ಧೈರ್ಯ ಬೇಕಿರಲಿಲ್ಲ, ಬರೆಯದಿರಲು ಬೇಕಿತ್ತು. ಮೌಲವಿಯ ಕಪಟದಿಂದ ಹೊರಟ ವ್ಯಂಗ್ಯ ನಂಬಿಕೆಯನ್ನೇ ಹಂಗಿಸುವಲ್ಲಿಗೆ ಬಂದು ಮುಟ್ಟಿತು. ಬಾಕುವಿನ ಕೊನೆಯ ವರ್ಷಗಳ ಹಲವು ಮುಖಪುಟಗಳು ನಮಗೆ ಸರಕಾರಿ ಭಿತ್ತಿಪತ್ರಗಳಂತೆ ಕಂಡವು. ಮೂಲೆಯಲ್ಲಿ ನಿಂತು ನೋಡುತ್ತಿದ್ದ ಸಾಕ್ಷಿ ಈಗ ಬೆರಳೆತ್ತಿ ತೋರಿಸುವವನಾಗಿದ್ದ. ಇದು ಕಲಾವಿದನ ಕೈ ಸೋತದ್ದಲ್ಲ, ಎದುರಿಗಿದ್ದವನು ಬದಲಾಗಿದ್ದ. ಬಿದ್ದವನ ಮೇಲೆ ಬಿದ್ದು ನಗುವ ನಗುವಿನಲ್ಲಿ ರೇಖೆ ಎಷ್ಟು ಚೂಪಾಗಿದ್ದರೂ ಚಿತ್ರ ಸಪ್ಪೆಯೇ. ಕೊನೆಗೆ ಪತ್ರಿಕೆಯ ಹೆಸರನ್ನೇ 'ಅಲ್ಲಾಹ್‌ಸಿಝ್', ಅಂದರೆ ದೇವರಿಲ್ಲದವನು, ಎಂದು ಬದಲಿಸಲು ಒತ್ತಡ ಬಂತು. 1931ರಲ್ಲಿ ಪತ್ರಿಕೆ ನಿಂತಿತು. 1932ರ ಜನವರಿಯಲ್ಲಿ ಮಮ್ಮದ್‌ಕುಲಿಝಾದೆ ತೀರಿಕೊಂಡರು. ಜೊತೆಗಾರ ನೆಮಾನ್‌ಝಾದೆಯವರನ್ನು 1937ರ ಸ್ಟಾಲಿನ್ ದಮನದಲ್ಲಿ ಕೊಂದರು. ಮುಲ್ಲಾಗಳನ್ನು ಎದುರುಹಾಕಿಕೊಂಡು ಬದುಕಿ ಉಳಿದವರು 'ಪ್ರಗತಿ'ಯ ಕೈಗೆ ಸಿಕ್ಕಿ ಸತ್ತರು.

ಆದ್ದರಿಂದ ಮುಖಪುಟದ ಮೇಲಿನ ತಾರೀಕು ಅಲಂಕಾರವಲ್ಲ. ಕಟ್ಟು ಹಾಕುವವನು ಅಂಚನ್ನು ಒಂದು ಅಂಗುಲ ಕತ್ತರಿಸಿದರೆ ಸಾಕು, ಸಾಹಸಕ್ಕೂ ವಂದಿಮಾಗಧತನಕ್ಕೂ ಇರುವ ವ್ಯತ್ಯಾಸ ರದ್ದಿಗೆ ಹೋಗುತ್ತದೆ. ಮೊಬೈಲುಗಳಲ್ಲಿ ಹರಿದಾಡುವ ಚಿತ್ರಗಳ ಪಾಡಂತೂ ಹೇಳುವುದೇ ಬೇಡ. ಅಲ್ಲಿ ತಾರೀಕಿಲ್ಲ, ಊರಿಲ್ಲ, ಭಾಷೆಯಿಲ್ಲ. ನೂರು ವರ್ಷದ ಹಿಂದೆ ಒಬ್ಬ ಮುಸ್ಲಿಮ್ ಮೇಷ್ಟರು ತಮ್ಮವರ ಹೆಣ್ಣುಮಕ್ಕಳು ಶಾಲೆಗೆ ಹೋಗಲೆಂದು ಹಾಕಿಸಿದ ಚಿತ್ರವನ್ನು ಇಂದು ಯಾರೋ 'ಇವರು ಇರುವುದೇ ಹೀಗೆ' ಎಂದು ಹಂಚಬಹುದು. ಅದೇ ಚಿತ್ರವನ್ನು ಕಂಡು ನಮ್ಮವರೇ ಒಬ್ಬರು 'ಇದು ಶತ್ರುಗಳ ಕೈವಾಡ' ಎಂದು ಕೆರಳಬಹುದು. ಇಬ್ಬರ ಕೈಯಲ್ಲೂ ಇರುವುದು ಕತ್ತರಿಸಿದ ಚಿತ್ರವೇ. 2005ರ ಸೆಪ್ಟೆಂಬರಿನಲ್ಲಿ ಡೆನ್ಮಾರ್ಕಿನ ಪತ್ರಿಕೆಯೊಂದು ಪ್ರಕಟಿಸಿದ ಹನ್ನೆರಡು ಚಿತ್ರಗಳಿಗೂ ತಿಫ್ಲಿಸ್‌ನ ಈ ಚಿತ್ರಗಳಿಗೂ ಇರುವ ಅಂತರ ಬರೆದವರ ಧರ್ಮದಲ್ಲಿಲ್ಲ. ಶ್ಮೆರ್ಲಿಂಗ್ ಕೂಡ ಮುಸ್ಲಿಮರಲ್ಲವಲ್ಲ. ಯಾರ ಮುಂದೆ, ಯಾರ ಒಳಿತಿಗೆ, ಯಾವ ಪುಟಗಳ ನಡುವೆ ಎಂಬಲ್ಲಿದೆ ಅಂತರ. ಮನೆಯ ಜಗಲಿಯಲ್ಲಿ ಕೂತು ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಆಡುವ ಮಾತಿಗೂ ಬೀದಿಯಲ್ಲಿ ನಿಂತು ಮನೆಗೆ ಕಲ್ಲೆಸೆಯುವುದಕ್ಕೂ ಶಬ್ದ ಒಂದೇ ಇರಬಹುದು, ಸಂಬಂಧ ಬೇರೆ.

ಪತ್ರಿಕೆಯ ಒಳ್ಳೆಯ ದಿನಗಳ ಚಿತ್ರಗಳಲ್ಲೂ ನಮಗೆ ಒಪ್ಪಿಗೆಯಾಗದ ಸಂಗತಿಗಳಿವೆ. ಹೆಣ್ಣಿನ ಪರವಾಗಿ ಅಷ್ಟು ಜೋರಾಗಿ ಮಾತಾಡಿದ ಪತ್ರಿಕೆಯ ಚಿತ್ರಗಳಲ್ಲಿ ಹೆಣ್ಣು ಬಹಳ ಸಲ ಒಂದು ಕಪ್ಪು ಗಂಟು. ಹೊಡೆಸಿಕೊಳ್ಳುವವಳು, ಅಳುವವಳು, ಮಾರಾಟವಾಗುವವಳು. ಮಾತಾಡುವವಳು ಅಪರೂಪ. ಸಂಪಾದಕರ ಮನೆಯಲ್ಲೇ ಹಮೀದಾರಂಥ ಹೆಣ್ಣುಮಗಳು ಶಾಲೆ ಕಟ್ಟಿ ಊರು ನಡೆಸುತ್ತಿರುವಾಗ ಆ ಹೆಂಗಸು ಮುಖಪುಟಕ್ಕೆ ಯಾಕೆ ಬರಲಿಲ್ಲ? ವ್ಯಂಗ್ಯಚಿತ್ರಕ್ಕೆ ನೋವುಂಡವಳು ಬೇಕು, ಗೆದ್ದವಳು ಬೇಡ ಎಂಬುದು ಉತ್ತರವಾದರೆ ಅದು ಆ ಕಲೆಯ ಮಿತಿಯೇ. ಯುರೋಪಿನ ವಿಷಯದಲ್ಲೂ ಅಷ್ಟೇ. ಅದರ ಸೈನ್ಯವನ್ನು ಬೈದ ಪತ್ರಿಕೆಗೆ ಅದರ ಶಾಲೆ, ಟೊಪ್ಪಿ, ರೈಲುಗಳ ಮೇಲೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಈ ವಿಷಯದಲ್ಲಿ ಅಝೀಮ್‌ಝಾದೆಯವರ ನೋಟ ಬೇರೆಯೇ ಎಂದು ನಮಗನಿಸುತ್ತದೆ. ಜರ್ಮನ್ ಕಲಾವಿದರ ರೇಖೆಯಲ್ಲಿ ಶಾಲೆ ಕಲಿಸಿದ ಅಂಗರಚನೆ, ನೆರಳು ಬೆಳಕು ಎಲ್ಲ ಇದೆ. ಅಝೀಮ್‌ಝಾದೆಯವರಲ್ಲಿ ಇರುವುದು ಕೇರಿಯ ಪರಿಚಯ. 1914ರಲ್ಲಿ ಸಾಬಿರರ ಪದ್ಯಗಳ ಸಂಕಲನಕ್ಕೆ ಅವರೇ ಚಿತ್ರ ಬರೆದರು. 1930ರ ದಶಕದಲ್ಲಿ ಅವರು ಬರೆದ ರಮಝಾನಿನ ಎರಡು ಜಲವರ್ಣ ಚಿತ್ರಗಳಿವೆ: ಒಂದು ಶ್ರೀಮಂತರ ಮನೆಯ ರಮಝಾನ್, ಇನ್ನೊಂದು ಬಡವರ ಮನೆಯದ್ದು. ಒಂದೇ ಉಪವಾಸ, ಒಂದೇ ಮಗ್ರಿಬ್, ಎರಡು ದಸ್ತರಖಾನು. ಅದು ಧರ್ಮವನ್ನು ಹಂಗಿಸಲೆಂದೇ ಸರಕಾರ ಚಿತ್ರ ಬರೆಸುತ್ತಿದ್ದ ಕಾಲ. ಆದರೂ ಆ ಎರಡನೆಯ ಮನೆಯ ಮುಖಗಳಲ್ಲಿ ಹಂಗಿಸುವಿಕೆ ನಮಗೆ ಕಾಣಲಿಲ್ಲ. ಯಾವ ಇಫ್ತಾರ್ ಕೂಟದ ವೈಭವವನ್ನು ಕಂಡಾಗಲೂ ನೆನಪಾಗುವ ಜೋಡಿ ಅದು.

ಪತ್ರಿಕೆಯ ಇನ್ನೊಂದು ಹೆಸರಾಂತ ಚಿತ್ರ ಭಾಷೆಯ ಬಗ್ಗೆ. ಒಬ್ಬ ಅಝರಿಯನ್ನು ಹಿಡಿದುಕೊಂಡು ಸುತ್ತಲಿನವರು ಅವನ ಬಾಯಿಗೆ ತಂತಮ್ಮ ನಾಲಿಗೆ ತುರುಕಲು ನೋಡುತ್ತಿದ್ದಾರೆ. ತನಗೂ ಒಂದು ನಾಲಿಗೆ ಇದೆಯೆಂದು ಆತ ಗೋಗರೆಯುತ್ತಾನೆ. ಅಝರಿಯಲ್ಲಿ 'ದಿಲ್' ಎಂದರೆ ನಾಲಿಗೆಯೂ ಹೌದು, ಭಾಷೆಯೂ ಹೌದು. ಚಿತ್ರದ ಜೀವ ಇರುವುದು ಆ ಒಂದು ಪದದಲ್ಲಿ. ಅಡಿಬರಹ ಕತ್ತರಿಸಿ ನೋಡಿದರೆ ಉಳಿಯುವುದು ಒಂದು ಅಸಹ್ಯ ದೃಶ್ಯ ಮಾತ್ರ. ಮನೆಯಲ್ಲಿ ಬ್ಯಾರಿಯೋ ದಖನಿಯೋ ನವಾಯತಿಯೋ ಆಡಿ, ಮದ್ರಸದಲ್ಲಿ ಅರಬಿ ಉರುಹೊಡೆದು, ಶಾಲೆಯಲ್ಲಿ ಕನ್ನಡ ಬರೆದು, ಕೆಲಸಕ್ಕೆ ಇಂಗ್ಲಿಷ್ ಹುಡುಕುವ ನಮ್ಮ ಮಕ್ಕಳಿಗೆ ಈ ಚಿತ್ರವನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ.

ಕತ್ತರಿ ಸಂಗ್ರಾಹಕನ ಕೈಯಲ್ಲಿ ಮಾತ್ರ ಇರುವುದಿಲ್ಲ, ಸರಕಾರದ ಕೈಯಲ್ಲೂ ಇರುತ್ತದೆ. 1929ರಲ್ಲಿ ಅಝರ್‌ಬೈಜಾನಿನಲ್ಲಿ ಅರಬಿ ಲಿಪಿ ಹೋಗಿ ಲ್ಯಾಟಿನ್ ಬಂತು. ಹತ್ತು ಹನ್ನೊಂದು ವರ್ಷಗಳಲ್ಲಿ ಅದೂ ಹೋಗಿ ಸಿರಿಲಿಕ್ ಬಂತು. 1991ರಲ್ಲಿ ಮತ್ತೆ ಲ್ಯಾಟಿನ್. ಅಜ್ಜ ಹಾಸಿಗೆಯಡಿ ಬಚ್ಚಿಟ್ಟ ಪತ್ರಿಕೆಯನ್ನು ಮೊಮ್ಮಗ ನೋಡಬಲ್ಲ, ಓದಲಾರ. ಪತ್ರಿಕೆಯ ಚಿತ್ರಗಳು ಇಷ್ಟು ಹೆಸರಾಗಿ ಬರಹಗಳು ಮೂಕವಾದದ್ದಕ್ಕೆ ಇದೂ ಒಂದು ಕಾರಣ. ಲಿಪಿ ಸುಧಾರಣೆ ಬೇಕೆಂದು ಕೂಗಿದವರಲ್ಲಿ ಈ ಪತ್ರಿಕೆಯವರೂ ಇದ್ದರು ಎಂಬುದು ಇಲ್ಲಿನ ವಿಪರ್ಯಾಸ.

ಇದನ್ನು ದೂರದ ಕತೆಯೆಂದು ಕೇಳಿ ಬಿಡುವ ಹಾಗಿಲ್ಲ. ನಮ್ಮ ಎಷ್ಟೋ ಮನೆಗಳ ಅಟ್ಟದಲ್ಲಿ, ಟ್ರಂಕುಗಳಲ್ಲಿ ಹಳೆಯ ಉರ್ದು ಮಾಸಿಕಗಳಿವೆ. ದೆಹಲಿಯ 'ಶಮಾ', ಮಕ್ಕಳ 'ಖಿಲೋನಾ'; ಕರಾವಳಿಯಲ್ಲಾದರೆ ಅರಬಿ-ಮಲಯಾಳಮ್ ಹಾಡಿನ ಪುಸ್ತಕಗಳು. ಕನ್ನಡ ಮಾತ್ರ ಓದಬಲ್ಲ ಮೊಮ್ಮಕ್ಕಳಿಗೆ ಅವು ಬರೀ ಚಿತ್ರ. ಅರಬಿ ಅಕ್ಷರವಿರುವ ಕಾಗದ ಕಾಲಡಿ ಬೀಳಬಾರದೆಂಬ ಅದಬಿನಿಂದ ಅವು ಕಡ್ಲೆಯ ಪೊಟ್ಟಣವಾಗದೆ ಉಳಿದವು. ಅದೇ ಅದಬಿನಿಂದ ಒಂದು ದಿನ ಮೂಟೆ ಕಟ್ಟಿ ಮಣ್ಣಿಗೋ ನೀರಿಗೋ ಸೇರುತ್ತವೆ. ಸಿನಿಮಾ ತಾರೆಯ ಮುಖಪುಟದ 'ಶಮಾ' ಕೂಡ ಗೌರವದಿಂದಲೇ ಮಣ್ಣಾಗುತ್ತದೆ! ಅದಕ್ಕೆ ಮುಂಚೆ ಉರ್ದು ಬಲ್ಲ ಒಬ್ಬ ಹಿರಿಯರನ್ನು ಕೂರಿಸಿ, ಯಾವ ಪತ್ರಿಕೆ, ಯಾವ ಇಸವಿ, ಒಳಗೆ ಏನಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ.

ಕನ್ನಡದ ಪಾಡು ಸ್ವಲ್ಪ ವಾಸಿ. 1949ರಿಂದ ಕನ್ನಡದಲ್ಲೂ ಬಂದ 'ಚಂದಮಾಮ'ದ ಹಳೆಯ ಸಂಚಿಕೆಗಳನ್ನು ಹುಡುಕಿ ಕೊಳ್ಳುವವರಿದ್ದಾರೆ. ಅದಕ್ಕೆ ಮುಖಪುಟ ಬರೆದ ನಮ್ಮ ಎಂ.ಟಿ.ವಿ. ಆಚಾರ್ಯರ ಹೆಸರು ಹಿರಿಯರಿಗೆ ನೆನಪಿದೆ. ಆದರೆ ಅಲ್ಲೂ ಆಚಾರ್ಯರ ಮುಖಪುಟಕ್ಕೆ ಕಟ್ಟು ಬೀಳುತ್ತದೆ, ಒಳಗಿನ ಕತೆಗೆ ಸಣ್ಣ ಕಪ್ಪುಬಿಳುಪು ಚಿತ್ರ ಬರೆದವರ ಹೆಸರು ಕೇಳುವವರಿಲ್ಲ. ಕೆಲವು ಗ್ರಂಥಾಲಯಗಳ ಬೈಂಡಿನವರದ್ದು ಇದಕ್ಕೆ ತಿರುಗಾಮುರುಗ ಅಪರಾಧ. ಗಟ್ಟಿ ರಟ್ಟು ಹಾಕುವ ಮುನ್ನ ಮುಖಪುಟ, ಜಾಹೀರಾತುಗಳನ್ನೆಲ್ಲ ಕಿತ್ತು ಎಸೆದು 'ವಿಷಯ' ಮಾತ್ರ ಉಳಿಸುತ್ತಾರೆ. ಒಂದು ಕಡೆ ತಲೆಯಿಲ್ಲದ ಮುಂಡ, ಇನ್ನೊಂದು ಕಡೆ ಮುಂಡವಿಲ್ಲದ ತಲೆ.

ಹವ್ಯಾಸ ಹಿಡಿದವರಿಗೆ ಕೈಗೆ ಬರುವ ಒಂದೆರಡು ಮಾತು. ಹಳೆಯದೆಂದು ಮಾರುವ ಮುಖಪುಟ ನಿಜಕ್ಕೂ ಕಲ್ಲಚ್ಚೋ ಈಚಿನ ಮರುಮುದ್ರಣವೋ ಎಂದು ತಿಳಿಯಲು ಭೂತಗನ್ನಡಿ ಹಿಡಿದು ನೋಡಿ. ಆಫ್‌ಸೆಟ್ ಮುದ್ರಣವಾದರೆ ಬಣ್ಣಗಳು ಸಾಲುಸಾಲಾದ ಚುಕ್ಕೆಗಳಾಗಿ ಒಡೆಯುತ್ತವೆ. ಕಲ್ಲಿನ ಮೇಲೆ ಕಡ್ಡಿಯಿಂದ ಎಳೆದದ್ದಾದರೆ ಮರಳು ಚೆಲ್ಲಿದಂಥ ಅಂಕುಡೊಂಕು ಕಾಣುತ್ತದೆ. ಅಗ್ಗದ ಪತ್ರಿಕಾ ಕಾಗದದೊಳಗೇ ಆಮ್ಲವಿರುತ್ತದೆ. ಬಿಸಿಲಿಗೆ ಬೇಗ ಹಳದಿಯಾಗಿ ಮುರಿಯುತ್ತದೆ. ಪಾರದರ್ಶಕ ಟೇಪು ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗುತ್ತದೆ. ತುಕ್ಕು ಹಿಡಿದ ಪಿನ್ನನ್ನು ಮೆಲ್ಲಗೆ ತೆಗೆದು, ಹಾಳೆಗಳನ್ನು ಮಟ್ಟಸವಾಗಿ ಮಲಗಿಸಿಡಿ. ನಮ್ಮ ಕಡೆಯ ಗೆದ್ದಲಿಗೆ ಕಬ್ಬಿಣದ ಕಪಾಟೇ ಮದ್ದು. ಗೋಡೆಯ ಮೇಲೆ ಚಿತ್ರ ಬೇಕೇ ಬೇಕೆಂದರೆ ಸ್ಕ್ಯಾನ್ ಮಾಡಿಸಿ ಆ ಪ್ರತಿಗೆ ಕಟ್ಟು ಹಾಕಿಸಿ, ತಾರೀಕು ಮತ್ತು ಅಡಿಬರಹ ಕಾಣುವ ಹಾಗೆ. ಪತ್ರಿಕೆ ಪೂರ್ತಿಯಾಗಿ ಕಪ್ಪಾಟಿನಲ್ಲೇ ಇರಲಿ, ಹರಿದ ಜಾಹೀರಾತಿನ ಪುಟ ಸಮೇತ.